ಟ್ಯಾಂಕಿನ ನಂಟರು

ಹಳೇ ಜೀಪಿನ ಪೆಟ್ರೋಲ್ ಟ್ಯಾಂಕನ್ನು ಮೆಕ್ಯಾನಿಕ್ ದಸ್ತಗೀರ್ ಕಳಚಿ, ಒಳಗೆ ಎರಡು ಬೊಗಸೆ ಜಲ್ಲಿಕಲ್ಲು ಹಾಕಿ, ತುಕ್ಕು ಉದುರಲೆಂದು ಕುಲುಕತೊಡಗಿದ. "ಈ ಸಲ ಸರಿಹೋಗದಿದ್ದರೆ ಗುಜರಿಗೇ," ಎಂದು ಗೊಣಗಿದ. ಟ್ಯಾಂಕಿನ ಎದೆ ಧಸಕ್ಕೆಂದಿತು.

ಮೂಲೆಯ ತುಕ್ಕು ಮೆಲ್ಲಗೆ ಬಾಯಿಬಿಟ್ಟಿತು. "ಧಣಿ, ಇಷ್ಟು ವರ್ಷ ನಿಮ್ಮ ತೂತುಗಳಿಗೆ ಅಡ್ಡ ಕೂತು ಮಾನ ಕಾಪಾಡಿದವರು ನಾವು. ನಮ್ಮನ್ನು ಎಬ್ಬಿಸಿದರೆ ಊರ ಮುಂದೆ ಸೋರಬೇಕಾದೀತು."

"ಆ ತೂತು ಕೊರೆದದ್ದೂ ನೀನೇ ಅಲ್ಲವೇನೋ!" ಎಂದಿತು ಒಂದು ಜಲ್ಲಿಕಲ್ಲು.

"ಹೊರಗಿನವನು ನೀನು, ಬಾಯಿ ಮುಚ್ಚು," ಎಂದು ಟ್ಯಾಂಕು ಗದರಿತು. "ಆ ಮೂಲೆಗೆ ಹೋಗಬೇಡ. ಅವರು ನಮ್ಮವರು."

ಕೂಲಿಗೆ ಬಂದ ಕಲ್ಲುಗಳಿಗೇನು? ಮೂಲೆ ಬಿಟ್ಟು ಉಳಿದದ್ದನ್ನು ಉಜ್ಜಿ ಹೊರಬಿದ್ದವು. ದಸ್ತಗೀರ್ ತೊಳೆದು ಒಣಗಿಸಿ, ತೂತು ಮುಚ್ಚುವ ಗಟ್ಟಿ ಬಣ್ಣ ಸುರಿದ.

ಮೂಲೆಗೆ ಬಂದ ಬಣ್ಣ ಅನುಮಾನಿಸಿತು. "ಅಯ್ಯಾ, ಹಿಡಿದದ್ದನ್ನು ನಾನು ಬಿಡುವವನಲ್ಲ. ಆದರೆ ಇಲ್ಲಿ ನಿನ್ನ ತಗಡೇ ಕೈಗೆ ಸಿಗುತ್ತಿಲ್ಲವಲ್ಲ?"

"ಅವರನ್ನೇ ಹಿಡಿದುಕೋ. ಅವರೂ ನಾನೂ ಬೇರೆಯಲ್ಲ."

ಒಣಗಿದ ಮೇಲೆ ಟ್ಯಾಂಕಿನ ಒಳಗು ಬೆಳ್ಳಿ ಬಟ್ಟಲಿನಂತಾಯಿತು. ಮೂರು ದಿನ ಅದು ರೇಡಿಯೇಟರಿನ ಮುಂದೆ ಜಂಬ ಕೊಚ್ಚಿಕೊಂಡಿತು. ನಾಲ್ಕನೇ ದಿನ ಘಾಟಿ ಏರುವಾಗ ಜೀಪು ಕೆಮ್ಮಿ ನಿಂತಿತು. ದಸ್ತಗೀರ್ ಬಂದು ಬಗ್ಗಿ ನೋಡಿದರೆ, ಬಣ್ಣ ದೋಸೆಯಂತೆ ಎದ್ದು ಪೈಪಿನ ಬಾಯಿಗೆ ಅಡ್ಡ ಮಲಗಿತ್ತು. ಟ್ಯಾಂಕಿನ ಮೂಲೆ ತೊಟ್ಟಿಕ್ಕುತ್ತಿತ್ತು.

"ಬಿಡುವುದಿಲ್ಲ ಎಂದಿದ್ದೆಯಲ್ಲೋ!" ಎಂದು ಟ್ಯಾಂಕು ಕೂಗಿತು.

"ಬಿಟ್ಟಿಲ್ಲವಲ್ಲ," ಎಂದು ಬಣ್ಣ ತನ್ನ ಬೆನ್ನಿಗಂಟಿದ ತುಕ್ಕನ್ನು ತೋರಿಸಿತು. "ನಿನ್ನನ್ನು ಬಿಟ್ಟವರು ಇವರು."

ಗುಜರಿ ಗಾಡಿಗೆ ಎಸೆದಾಗ ಟ್ಯಾಂಕು ಗೊಳೋ ಎಂದಿತು. ಅಳಿದುಳಿದ ತುಕ್ಕು ಸಮಾಧಾನ ಹೇಳಿತು: "ಹೆದರಬೇಡಿ ಧಣಿ. ಅಲ್ಲಿ ಎಲ್ಲರೂ ನಮ್ಮವರೇ."