ಮೂರು ಸಲ ನಿಂತ ಕಾರು

"ಗುರುಗಳೇ, ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ನಮ್ಮ ಅಕ್ಕ ಬೇಡ ಅನ್ನುತ್ತಾಳೆ. ಮೂರು ಸಲ ಅವಳ ಭಯ ಸುಳ್ಳಾಯಿತು. ಮೊನ್ನೆ 'ಬಾಯಿ ಮುಚ್ಚು' ಎಂದುಬಿಟ್ಟೆ. ನನ್ನದು ತಪ್ಪೆ?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ.

"ಕೂತುಕೋ ತಮ್ಮಾ. ಒಂದು ಕಾರಿನ ಕತೆಯಿದೆ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಯಜಮಾನನ ಬಳಿ ತಂದೆಯ ಕಾಲದ ಕಾರಿತ್ತು. ಮಗಳನ್ನು ಅದರಲ್ಲೇ ಮದುವೆ ಮಂಟಪಕ್ಕೆ ಕರೆದೊಯ್ಯಬೇಕೆಂಬುದು ಅವನ ಆಸೆ. ಆದರೆ ಬಿಸಿಲೇರಿದರೆ ಹಳೆಯ ಪಂಪು ಪೆಟ್ರೋಲು ಎಳೆಯದೆ ಕಾರು ಕೈಕೊಡುತ್ತಿತ್ತು. ಅವನು ಒಬ್ಬ ಮೆಕ್ಯಾನಿಕ್ ಬಳಿಗೆ ಹೋದ.

ಮೆಕ್ಯಾನಿಕ್ ಕೆಲಸ ಬಲ್ಲವನು. ಬ್ಯಾಟರಿಯಿಂದ ಓಡುವ ಪಂಪು ತಂದ. ಪೆಟ್ರೋಲನ್ನು ಜೋರಾಗಿ ಒತ್ತಿದರೆ ಹಳೆಯ ಕಾರ್ಬುರೇಟರ್ ತಾಳದೆಂದು ಮೆತ್ತಗೆ ಒತ್ತುವ ಪಂಪನ್ನೇ ಆರಿಸಿದ. ಸೈಲೆನ್ಸರಿನ ಶಾಖ ತಾಗದಂತೆ ಟ್ಯಾಂಕಿನ ಪಕ್ಕ ಕೂರಿಸಿದ. ಹಳೆಯ ಪಂಪು ಎಂಜಿನ್ ನಿಂತರೆ ತಾನೂ ನಿಲ್ಲುತ್ತಿತ್ತು. ಹೊಸದಕ್ಕೆ ಎಂಜಿನ್ನಿನ ಹಂಗಿಲ್ಲ. ಕೀಲಿ ತಿರುಗಿಸಿದ್ದರೆ ಸಾಕು, ಟಿಕ್ ಟಿಕ್ ಎನ್ನುತ್ತ ಪೆಟ್ರೋಲು ನೂಕುತ್ತಲೇ ಇರುತ್ತದೆ. ಅದಕ್ಕೇ ಅವನು, ಕಾರಿಗೆ ಪೆಟ್ಟು ಬಿದ್ದೊಡನೆ ಪಂಪನ್ನು ನಿಲ್ಲಿಸುವ ಒಂದು ಸಣ್ಣ ಸ್ವಿಚ್ಚನ್ನೂ ಹಿಂದಿನ ಡಿಕ್ಕಿಯೊಳಗೆ ಹಾಕಿದ.

ಮದುವೆಯ ದಿನ ಚಕ್ರ ಒಂದು ಗುಂಡಿಗೆ ಇಳಿಯಿತು. ಅದನ್ನೇ ಪೆಟ್ಟೆಂದು ತಿಳಿದು ಸ್ವಿಚ್ಚು ಪಂಪನ್ನು ನಿಲ್ಲಿಸಿತು. ಬೈಕಿನಲ್ಲಿ ಹಿಂದೆಯೇ ಬರುತ್ತಿದ್ದ ಮೆಕ್ಯಾನಿಕ್ ಅದನ್ನು ಒತ್ತಿ ಸರಿಮಾಡಿದ. ಇನ್ನೊಂದು ಗುಂಡಿಗೆ ಮತ್ತೆ ನಿಂತಿತು. ಮೂರನೆಯ ಸಲ ನಿಂತಾಗ ಜೊತೆಗೆ ಬರುತ್ತಿದ್ದ ಬೀಗರ ವ್ಯಾನಿನಿಂದ ನಗು ಕೇಳಿತು. ನಗುವವರ ಮುಂದೆ ಎಡವಿ ಬಿದ್ದಂತಾಯಿತು ಯಜಮಾನನಿಗೆ.

"ಮುಹೂರ್ತ ಮೀರುತ್ತಿದೆಯಪ್ಪ. ಬೀಗರೆದುರು ನನ್ನ ಮಾನ ಕಳೆಯಬೇಡ. ಆ ಸ್ವಿಚ್ಚು ಕಿತ್ತುಹಾಕು."

ಮೆಕ್ಯಾನಿಕ್‌ಗೆ ಮನಸ್ಸಿರಲಿಲ್ಲ. ಆದರೆ ತನ್ನ ಕೆಲಸವೂ ನಗೆಪಾಟಲಾಯಿತಲ್ಲ ಎಂಬ ಸಂಕಟ ಅವನಿಗಿತ್ತು. "ನಾಳೆ ಬೇರೆ ಹಾಕಿಕೊಡುತ್ತೇನೆ, ಯಜಮಾನರೇ" ಎಂದು ಸ್ವಿಚ್ಚು ಕಳಚಿ, ಅದರ ಎರಡೂ ತಂತಿಗಳನ್ನು ನೇರವಾಗಿ ಹೆಣೆದು ಟೇಪು ಸುತ್ತಿದ. ಆಮೇಲೆ ಕಾರು ಎಲ್ಲೂ ನಿಲ್ಲಲಿಲ್ಲ.

ಮಂಟಪ ಕಾಣುವಷ್ಟು ಹತ್ತಿರದಲ್ಲಿ ಒಂದು ಕರು ಅಡ್ಡ ಬಂತು. ಕಾರು ಸೇತುವೆಯ ಕಟ್ಟೆಗೆ ಗುದ್ದಿತು. ಎಂಜಿನ್ ನಿಂತಿತು. ಮೆಕ್ಯಾನಿಕ್ ಓಡಿಬಂದು ಮದುಮಗಳನ್ನು ಹೊರಗೆಳೆದ. ಅವಳ ತಂದೆ ಸ್ಟಿಯರಿಂಗಿನ ಹಿಂದೆ ಸಿಕ್ಕಿಕೊಂಡಿದ್ದ, ಜೀವವಿತ್ತು. ಕೀಲಿ ನಜ್ಜುಗುಜ್ಜಾದ ತಗಡಿನಡಿ ಹೂತುಹೋಗಿತ್ತು. ಆಗ ಮೆಕ್ಯಾನಿಕ್‌ಗೆ ಟಿಕ್ ಟಿಕ್ ಎಂಬ ಸದ್ದು ಕೇಳಿತು. ಮುಂದೆ ಪೈಪು ತುಂಡಾಗಿ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಸುರಿಯುತ್ತಿತ್ತು.

ಅವನು ಡಿಕ್ಕಿ ತೆರೆದು ತಂತಿ ಜಗ್ಗಿದ. ಬರಲಿಲ್ಲ. ಅವನ ಕೈಕೆಲಸ ಗಟ್ಟಿ. ಮತ್ತೊಮ್ಮೆ ಜಗ್ಗುವಷ್ಟರಲ್ಲಿ ಬೆಂಕಿ ಹತ್ತಿತು. ಮಗಳ ಕಣ್ಣೆದುರೇ ತಂದೆ ಹೋದ.

"ಆದರೂ ಗುರುಗಳೇ, ಆ ಸ್ವಿಚ್ಚು ಮೂರು ಸಲ ಸುಳ್ಳು ಹೇಳಿತ್ತಲ್ಲ. ನಾಲ್ಕನೆಯ ಸಲ ಯಾರು ನಂಬುತ್ತಾರೆ?" ಎಂದ ಚೆನ್ನಮಲ್ಲ.

ಗುರುಗಳು ಅವನತ್ತ ತಿರುಗಿದರು.

"ಮೊನ್ನೆಯಿಂದ ನಿನ್ನ ಅಕ್ಕ ಯಾವುದಕ್ಕಾದರೂ ಬೇಡ ಅಂದಿದ್ದಾಳೇನಪ್ಪ?"