ಸಾಹೇಬರ ಜೀಪಿನ ಸ್ಟೆಪ್ನಿ

ನಮ್ಮೂರ ಸರ್ಕಾರಿ ಶಾಲೆಗೆ ಲೆಕ್ಕಪತ್ರದ ಸಾಹೇಬರು ಪರಶಿವಮೂರ್ತಿ ಜೀಪಿನಲ್ಲಿ ಬಂದಿಳಿದರು. ಕುರ್ಚಿಯಲ್ಲಿ ಕೂತವರೇ ಗುಡುಗಿದರು.

“ಹೊಸ ಬಜೆಟ್ ಕಾಯ್ದೆ ಬರ್ತಿದೆ. ಶಾಲೆ ಖಾತೆಯಲ್ಲಿ ಖರ್ಚಾಗದೆ ಬಿದ್ದಿರೋ ದುಡ್ಡೆಲ್ಲ ಸರ್ಕಾರಕ್ಕೆ ವಾಪಸ್!”

“ಸಾರ್, ಅದು ಮಳೆಗಾಲಕ್ಕೆ ಅಂತ ಇಟ್ಟಿದ್ದು. ಹೆಂಚು ಒಡೆದರೆ ಮಕ್ಕಳ ತಲೆ ಮೇಲೇ ಸೋರುತ್ತೆ,” ಅಂದರು ಹೆಡ್‌ಮೇಡಂ.

“ಒಡೆದಾಗ ಅರ್ಜಿ ಕೊಡಿ. ಮುಂದಿನ ಬಜೆಟ್‌ನಲ್ಲಿ ನೋಡೋಣ.”

ಬಿಸಿಯೂಟ ಮಾಡುವ ದ್ಯಾವಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಸೀದಾ ಹೊರಗೆ ಹೋಗಿ, ಜೀಪಿನ ಡ್ರೈವರಿಗೆ ತಟ್ಟೆ ತುಂಬ ಉಪ್ಪಿಟ್ಟು ಬಡಿಸಿ, ಕಿವಿಯಲ್ಲಿ ಏನೋ ಅಂದಳು. ಅವನು ನಗುತ್ತಾ ಸ್ಪ್ಯಾನರ್ ತೆಗೆದ.

ಸಾಹೇಬರು ಹೊರಡಲು ಬಂದು ನೋಡಿದರೆ ಜೀಪಿನ ಸ್ಟೆಪ್ನಿ ಅಡುಗೆಕೋಣೆಯ ಗೋಡೆಗೆ ಒರಗಿ ನಿಂತಿದೆ.

“ಯಾರ್ರೀ ಇದನ್ನ ಬಿಚ್ಚಿದ್ದು?”

“ನಾನೇ ಬಿಚ್ಚಿಸಿದೆ ಸ್ವಾಮಿ,” ಅಂದಳು ದ್ಯಾವಮ್ಮ. “ವರ್ಷವೆಲ್ಲ ಒಂದು ಸಲವೂ ನೆಲ ಮುಟ್ಟಿಲ್ಲವಂತೆ. ಸುಮ್ಮನೆ ಬಿದ್ದಿರೋ ಚಕ್ರ, ಸರ್ಕಾರಕ್ಕೆ ವಾಪಸ್ ಹೋಗಲಿ ಅಂತ.”

“ಅಲ್ಲಮ್ಮಾ, ದಾರಿಯಲ್ಲಿ ಪಂಕ್ಚರ್ ಆದರೆ?”

“ಆದಾಗ ಅರ್ಜಿ ಕೊಡಿ ಸ್ವಾಮಿ. ಮುಂದಿನ ಬಜೆಟ್‌ನಲ್ಲಿ ನೋಡೋಣ.”

ಡ್ರೈವರ್ ಮುಖ ಆ ಕಡೆ ತಿರುಗಿಸಿಕೊಂಡ. ಸಾಹೇಬರು ಕೆಂಪಗಾದರು, ಕೆಮ್ಮಿದರು, ಕೊನೆಗೆ ತಡೆಯಲಾರದೆ ನಕ್ಕೇಬಿಟ್ಟರು.

“ಮೇಡಂ, ಆ ದುಡ್ಡು ಹೆಂಚಿಗೆ ಮೀಸಲು ಅಂತ ಬರೆದುಕೊಡಿ. ಮುಟ್ಟಬೇಡಿ ಅಂತ ಮೇಲಿನವರಿಗೆ ನಾನೇ ಹೇಳ್ತೀನಿ.”

ಡ್ರೈವರ್ ಸ್ಟೆಪ್ನಿಯನ್ನು ಮತ್ತೆ ಜೀಪಿಗೆ ಬಿಗಿದ. ಆದರೂ ಸಾಹೇಬರು ತಕ್ಷಣ ಹತ್ತಲಿಲ್ಲ. ಅದು ಬಿಗಿಯಾಗಿ ಕೂತಿದೆಯೋ ಇಲ್ಲವೋ ಅಂತ ಹಿಂದಕ್ಕೆ ಹೋಗಿ ಎರಡೂ ಕೈಯಲ್ಲಿ ಅಲ್ಲಾಡಿಸಿ ನೋಡಿ, ಆಮೇಲೆ ಹತ್ತಿದರು.