ಒಂದೇ ಪಾತಿಯ ಮೂರು ಗಿಡ

ಹತ್ತಿರ ಸರಿದು ಕೂತ್ಕೊಳ್ಳಿ ಮಕ್ಕಳೇ. ಹೊಳೆಯೊಂದು ಕಡಲು ಸೇರುವ ಸೀಮೆಯಲ್ಲಿ ಒಂದು ರಾಜ್ಯವಿತ್ತು. ಅಲ್ಲೊಬ್ಬ ರಾಜ. ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿ. ಅವನ ರಾಣಿ ದೇವಾಜಮ್ಮ.

ದೇವಾಜಮ್ಮನಿಗೆ ಮೂವರು ಗಂಡುಮಕ್ಕಳು. ಹೆಣ್ಣುಮಕ್ಕಳಿಲ್ಲ ಅನ್ನೋ ಕೊರಗಿತ್ತು. ಮೂವರು ಸೊಸೆಯರು ಹೊಸಿಲು ತುಳಿದ ದಿನ ಅದೂ ಹೋಯಿತು. ಹಿರಿಸೊಸೆ ಕೆರೆಸೀಮೆಯವಳು, ಮಡಿಲಲ್ಲಿ ತಾವರೆಗಡ್ಡೆ ತಂದಳು. ನಡುವಿನವಳು ಬಂಡೆಸೀಮೆಯವಳು, ಕಳ್ಳಿಯ ತುಂಡು ತಂದಳು. ಕಿರಿಯವಳು ಕಡಲ ಅಂಚಿನವಳು, ಉಪ್ಪುಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಸಸಿ ತಂದಳು. ತವರಿನ ನೆನಪಿಗೆ ಅಂತ.

ಅರಮನೆಯ ಪಾರುಪತ್ಯ ನೋಡುತ್ತಿದ್ದವನು ಹಂಪಯ್ಯ. ತನ್ನ ಮಗಳು ಪುಟ್ಟತಾಯಿ ಅರಮನೆ ಸೊಸೆಯಾಗಬೇಕು ಅಂತ ಅವನಿಗೆ ಆಸೆ. ಮೂವರಲ್ಲಿ ಒಬ್ಬಳು ಹೋದರೆ ಜಾಗ ಖಾಲಿಯಾಗುತ್ತಲ್ಲ. ಅವನು ರಾಜನ ಕಿವಿಯಲ್ಲಿ ಊದಿದ. “ಪ್ರಭು, ಸೊಸೆಯರ ಗಿಡಗಳನ್ನ ಅಂಗಳದಲ್ಲಿ ಒಂದೇ ಪಾತಿಗೆ ಹಾಕಿಸಿ, ಒಂದೇ ಸಮ ನೀರು ಬಿಡಿಸಿ. ಯಾರ ಗಿಡ ಬಾಡುತ್ತೋ ಅವಳು ಮನೆಗೆ ಒಗ್ಗಲಿಲ್ಲ ಅಂತ ಲೆಕ್ಕ. ತವರಿಗೆ ಕಳಿಸಿಬಿಡಿ. ಪಕ್ಕದಲ್ಲಿ ನನ್ನ ಮಗಳೂ ಒಂದು ಮಲ್ಲಿಗೆ ನೆಡಲಿ.”

ರಾಜ ತಲೆಯಾಡಿಸಿದ.

ಮಲ್ಲಿಗೆ ಹಬ್ಬಿತು, ಮೊಗ್ಗು ಬಿಟ್ಟಿತು. ತಾವರೆಯ ಎಲೆ ಸುಟ್ಟುಹೋಯಿತು. ಕಳ್ಳಿಯ ಬುಡ ಕೊಳೆಯಿತು. ಕಾಂಡ್ಲಾ ಹಳದಿಯಾಗಿ ಸೊರಗಿತು. “ಮೂವರೂ ಹೋಗಲಿ” ಅಂದ ರಾಜ.

ಸೊಸೆಯರು ಗಂಟು ಕಟ್ಟುತ್ತಿದ್ದರು. ದೇವಾಜಮ್ಮ ಮೂವರ ನಡುವೆ ಹೋಗಿ ಕೂತಳು.

“ಅಳಬೇಡ್ರೇ. ನಿಮ್ಮ ಗಿಡ ನಿಮ್ಮೂರಲ್ಲಿ ಹೇಗೆ ಬದುಕುತ್ತೆ, ಅದನ್ನ ಹೇಳಿ.”

“ಅತ್ತೇ, ತಾವರೆ ಕಾಲಿಡೋದು ಕೆಸರಲ್ಲಿ, ಉಸಿರಾಡೋದು ಮೇಲೆ” ಅಂದಳು ಹಿರಿಯವಳು. “ಅದರ ದಂಟು ಮುರಿದು ನೋಡಿ, ಒಳಗೆಲ್ಲ ಗಾಳಿಯ ತೂತು.”

“ನಮ್ಮ ಕಡೆ ಮಳೆ ಅಪರೂಪ ಅತ್ತೆ” ಅಂದಳು ನಡುವಿನವಳು. “ಕಳ್ಳಿ ಸಿಕ್ಕಿದ ನೀರನ್ನ ಮೈಯಲ್ಲೇ ಬಚ್ಚಿಟ್ಟುಕೊಳ್ಳುತ್ತೆ. ದಿನಾ ನೀರು ಕುಡಿಸಿದರೆ ಅದಕ್ಕೆ ಅಜೀರ್ಣ.”

ಕಿರಿಯವಳು ಮೂಗೊರೆಸಿಕೊಂಡಳು. “ಕಾಂಡ್ಲಾ ಬೇರು ಕೆಸರಿಂದ ಬೆರಳಿನ ಹಾಗೆ ಮೇಲೆದ್ದು ಉಸಿರಾಡುತ್ತೆ ಅತ್ತೆ. ಉಪ್ಪುನೀರು ಬಂದುಹೋಗ್ತಾ ಇದ್ದರೇ ಅದಕ್ಕೆ ಮನೆ.”

ದೇವಾಜಮ್ಮ ಕಿರಿಯವಳ ಕೆನ್ನೆ ಸವರಿ ನೇರ ಆಸ್ಥಾನಕ್ಕೆ ನಡೆದಳು.

“ಹಂಪಯ್ಯ, ಗಿಡ ಬಾಡಿದರೆ ತಪ್ಪು ಗಿಡದ್ದೋ, ನೆಲದ್ದೋ?”

“ಗಿಡದ್ದೇ ತಾಯಿ. ಒಳ್ಳೇ ಗಿಡ ಎಲ್ಲಿಟ್ಟರೂ ಚಿಗುರುತ್ತೆ.”

“ಪ್ರಭುಗಳ ಮುಂದೆ ಆಡಿದ ಮಾತು, ತಪ್ಪಬಾರದು. ನಿನ್ನ ಮಲ್ಲಿಗೆಯ ಮೂರು ಸಸಿ ಕೊಡು. ನನಗೆ ಬೇಕಾದ ನೆಲದಲ್ಲಿ ನೆಡಿಸ್ತೀನಿ. ಬಾಡಿದರೆ ನಿನ್ನ ಪಾರುಪತ್ಯ ಬಿಡಬೇಕು.”

ಹಂಪಯ್ಯನಿಗೆ ಬಿಸಿತುಪ್ಪ ಬಾಯಿಗಿಟ್ಟಂತಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊಟ್ಟ.

ಒಂದನ್ನು ಕೆರೆಯಲ್ಲಿ ನೆಟ್ಟರು, ಕೊಳೆಯಿತು. ಒಂದನ್ನು ಬಂಡೆಸಂದಿಯಲ್ಲಿ ನೆಟ್ಟರು, ಒಣಗಿತು. ಒಂದನ್ನು ಕಡಲಂಚಿನ ಕೆಸರಲ್ಲಿ ನೆಟ್ಟರು, ಉಪ್ಪಿಗೆ ಕಪ್ಪಾಯಿತು.

ರಾಜನ ಮುಖ ಸಣ್ಣದಾಯಿತು. ಸೊಸೆಯರ ಕೋಣೆಗೆ ತಾನೇ ಹೋಗಿ, ಕಟ್ಟಿದ್ದ ಗಂಟುಗಳನ್ನು ತನ್ನ ಕೈಯಾರೆ ಬಿಚ್ಚಿದ. “ತಪ್ಪಾಯ್ತು ಮಕ್ಕಳೇ” ಅಂದ.

ಹಂಪಯ್ಯನ ಪಾರುಪತ್ಯ ಹೋಯಿತು. ತಾವರೆಗೆ ಕೊಳ ತೋಡುವ ಕೆಲಸ ಅವನ ಪಾಲಿಗೆ ಬಂತು. ಕಳ್ಳಿಯ ಕೊಳೆತ ಭಾಗ ಕೊಯ್ದು ಮರಳುಗುಡ್ಡೆಗೆ ಊರಿದರು. ಕಾಂಡ್ಲಾವನ್ನು ಹೊಳೆ ಕಡಲು ಸೇರುವ ಅಳಿವೆಯ ಕೆಸರಲ್ಲಿ ನೆಟ್ಟರು. ಎಲ್ಲವೂ ಚಿಗುರಿದವು. ಅಂದಿನಿಂದ ಆ ರಾಜ್ಯದವರು ಯಾವ ಗಿಡ ಕಂಡರೂ ಮೊದಲು ನೀರಿನದೋ, ಮರಳಿನದೋ, ಉಪ್ಪುನೆಲದ್ದೋ, ತೋಟದ್ದೋ ಅಂತ ವಿಂಗಡಿಸಿ ಆಮೇಲೆ ನೆಡುತ್ತಿದ್ದರು.

ಪುಟ್ಟತಾಯಿ ಮಾತ್ರ ತಲೆ ತಗ್ಗಿಸಿ ಮೂಲೆಯಲ್ಲಿ ನಿಂತಿದ್ದಳು. ದೇವಾಜಮ್ಮ ಅವಳನ್ನು ಕರೆದು, ಪಾತಿಯ ಮಲ್ಲಿಗೆ ಬಿಡಿಸಿ ಮುಡಿಸಿದಳು. “ನಿಮ್ಮಪ್ಪನ ಆಸೆಗೆ ನೀನೇನು ಮಾಡ್ತೀಯ ಕೂಸೇ. ನಿನಗೂ ಒಗ್ಗುವ ಮನೆ ಹುಡುಕೋಣ” ಅಂದಳು. ಹುಡುಕಿ, ಮುಂದೆ ನಿಂತು ಮದುವೆಯನ್ನೂ ಮಾಡಿಸಿದಳು.

ಹೇಳಿದ ನನಗೊಂದು ಗುಟುಕು ನೀರು, ಕೇಳಿದ ನಿಮಗೊಂದು ನೀತಿ: ಬಾಡಿದ್ದನ್ನು ಬೈಯುವ ಮೊದಲು ಅದರ ನೆಲ ಯಾವುದೆಂದು ಕೇಳಬೇಕು. ಎಲ್ಲರನ್ನೂ ಒಂದೇ ಪಾತಿಯಲ್ಲಿ ಅಳೆಯುವವನು ಕೊನೆಗೆ ತಾನೇ ಸೋಲುತ್ತಾನೆ.